ಅಡುಗೆಮನೆಗೊಂದು ಬೇರೆ ಖಾತೆ

ನನ್ನ ತವರಿನವರದು ಸಾಗರದಲ್ಲಿ ಒಂದು ಹೋಟೆಲು. ಗಲ್ಲಾದಲ್ಲಿ ಅಪ್ಪ, ಮುಂದಿನ ಸ್ವೀಟ್ ಸ್ಟಾಲಿನಲ್ಲಿ ಚಿಕ್ಕಪ್ಪ, ಒಳಗೆ ಒಲೆಯ ಮುಂದೆ ದೊಡ್ಡಮ್ಮ. ದೊಡ್ಡಪ್ಪ ತೀರಿಕೊಂಡ ಮೇಲೆ ಆಕೆ ಆ ಅಡುಗೆಮನೆ ಬಿಟ್ಟು ಹೊರಗೆ ಬಂದದ್ದನ್ನು ನಾನು ಕಂಡದ್ದೇ ಕಡಿಮೆ. ಬಿ.ಕಾಂ. ಮುಗಿಸಿ ಮದುವೆಗೆ ಕಾಯುತ್ತಿದ್ದ ಎರಡು ವರ್ಷ ಹೋಟೆಲಿನ ಲೆಕ್ಕ ಬರೆದವಳು ನಾನೇ. ಗಲ್ಲಾಕ್ಕೆ ಬಂದದ್ದು ಜಮೆ, ಸ್ಟಾಲಿಗೆ ಬಂದದ್ದು ಜಮೆ. ಅಕ್ಕಿ, ಉದ್ದು, ಸೌದೆ, ಎಣ್ಣೆ ಎಲ್ಲವೂ 'ಅಡುಗೆಮನೆ ಖರ್ಚು'. ಅಕ್ಷರ ದುಂಡಗಿದೆ ಎಂದು ಅಪ್ಪ ಮೆಚ್ಚಿಕೊಳ್ಳುತ್ತಿದ್ದರು.

1987ರಲ್ಲಿ ಪಾಲಾಯಿತು. ಪಂಚಾಯ್ತಿಗೆ ಕೂತ ಹಿರಿಯರ ಮುಂದೆ ಚಿಕ್ಕಪ್ಪ ನಾನು ಬರೆದ ಪುಸ್ತಕವನ್ನೇ ತೆರೆದಿಟ್ಟರು. "ಅಡುಗೆಮನೆಯಿಂದ ಏನು ಬಂದಿದೆ ನೋಡಿ. ಬರೀ ಖರ್ಚು!" ಎಂದರು. ಅಪ್ಪ ಮಾತಾಡಲಿಲ್ಲ. ಹೋಟೆಲು ಅಪ್ಪನಿಗೆ, ಸ್ಟಾಲು ಚಿಕ್ಕಪ್ಪನಿಗೆ, ದೊಡ್ಡಮ್ಮನಿಗೆ ಇರುವಷ್ಟು ಕಾಲ ಅನ್ನ, ಬಟ್ಟೆ. ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಆಕೆ ಹಾಲು ಉಕ್ಕೀತೆಂದು ಒಳಗೆ ಹೋದರು.

ಇದೆಲ್ಲ ನೆನಪಾದದ್ದು ಅಣ್ಣನ ಮಗಳಿಂದ. ಸಿ.ಎ. ಓದುತ್ತಿರುವ ಅವಳು ರಜೆಗೆ ಬಂದಾಗ ಇಂಟೆಲ್ ಎಂಬ ಅಮೆರಿಕದ ಕಂಪನಿಯ ವಾರ್ಷಿಕ ವರದಿ ಹರವಿಕೊಂಡು ಕೂತಿದ್ದಳು. ನಿಮ್ಮ ಮಕ್ಕಳ ಕಂಪ್ಯೂಟರಿನ ಮೇಲೆ ಆ ಹೆಸರಿನ ಚೀಟಿ ಅಂಟಿಸಿದ್ದನ್ನು ನೀವೂ ನೋಡಿರಬಹುದು. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಕಂಪನಿ ಕಂಪ್ಯೂಟರಿನ ಚಿಪ್ ಮಾಡುತ್ತದೆ.

"ಅತ್ತೆ, ಇವರು 2024ರಲ್ಲಿ ಅಡುಗೆಮನೆಯ ಲೆಕ್ಕ ಬೇರೆ ಮಾಡಿದರು," ಎಂದಳು. ಹುರಿಯುತ್ತಿದ್ದ ರವೆಯನ್ನು ಇಳಿಸಿ ಬಂದು ಕೂತೆ.

ಅವಳು ಹೇಳಿದ್ದು ಹೀಗೆ. ದೊಡ್ಡ ಕಂಪನಿಗಳು ಒಟ್ಟು ಲಾಭ ನಷ್ಟ ಹೇಳಿದರೆ ಸಾಲದು, ವಿಭಾಗವಾರು ಲೆಕ್ಕವನ್ನೂ ಕೊಡಬೇಕು. ವಿಭಾಗ ಯಾವುದೆಂದು ಯಾರು ಹೇಳಬೇಕು? ಕಂಪನಿಯ ಯಜಮಾನ ಒಳಗೆ ಯಾವ ಭಾಗ ಮಾಡಿಕೊಂಡು ವ್ಯವಹಾರ ನೋಡುತ್ತಾನೋ ಅದೇ ಭಾಗಗಳನ್ನು ಷೇರುದಾರರಿಗೂ ತೋರಿಸಬೇಕು. ಅಮೆರಿಕದಲ್ಲಿ ಈ ನಿಯಮ 1997ರಲ್ಲಿ ಬಂತು. ನಮ್ಮ ದೇಶದ ದೊಡ್ಡ ಕಂಪನಿಗಳಿಗೂ ಈಗ ಇಂಥದೇ ನಿಯಮ ಇದೆ. ಯಜಮಾನ ಭಾಗ ಬದಲಾಯಿಸಿದರೆ ವರದಿಯೂ ಬದಲಾಗುತ್ತದೆ.

ಇಂಟೆಲ್‌ನಲ್ಲಿ ಮನೆಯ ಕಂಪ್ಯೂಟರಿನ ಚಿಪ್‌ಗಳಿಗೊಂದು ವಿಭಾಗ, ದೊಡ್ಡ ಗಣಕಕೇಂದ್ರಗಳ ಚಿಪ್‌ಗಳಿಗೊಂದು, ದೂರಸಂಪರ್ಕ ಜಾಲದ ಚಿಪ್‌ಗಳಿಗೆ ಇನ್ನೊಂದು. ಆಗ ಇದ್ದ ಇವೆಲ್ಲ ಮಾರುವ ಕೈಗಳು. ಚಿಪ್ ತಯಾರಿಸುವ ಕಾರ್ಖಾನೆಯ ಖರ್ಚನ್ನು ಈ ವಿಭಾಗಗಳಿಗೇ ಹಂಚಿಬಿಡುತ್ತಿದ್ದರು. ಅದಕ್ಕೆ ತನ್ನದೇ ಲಾಭ ನಷ್ಟದ ಪುಟವಿರಲಿಲ್ಲ. ಒಂದು ಸಿಲಿಕಾನ್ ಬಿಲ್ಲೆ ಚಿಪ್ ಆಗುವುದಕ್ಕೆ ತಿಂಗಳುಗಳು ಬೇಕು. ಮಾರುವ ವಿಭಾಗದವರು "ನಮ್ಮದನ್ನು ಮೊದಲು ಮಾಡಿಕೊಡಿ" ಎಂದು ನಡುವೆ ನುಗ್ಗಿಸಿದರೆ ಉಳಿದ ಕೆಲಸ ತಡವಾಗುತ್ತದೆ. ಅವಸರದ ಬೆಲೆಯನ್ನು ಕೇಳಿದವರು ತೆರಬೇಕಾಗಿರಲಿಲ್ಲ.

ನನಗೆ ನಗು ಬಂತು. ಪೇಡೆಗೆಂದು ಇಟ್ಟ ಹಾಲನ್ನು ಅರ್ಧದಲ್ಲಿ ಇಳಿಸಿ, "ಈಗಲೇ ನೂರು ಹೋಳಿಗೆ ಆಗಬೇಕು" ಎಂದು ಚಿಕ್ಕಪ್ಪ ನಿಂತಲ್ಲೇ ಅಪ್ಪಣೆ ಮಾಡುತ್ತಿದ್ದುದು ಕಣ್ಣಿಗೆ ಕಟ್ಟಿತು. ಕೆಟ್ಟ ಹಾಲನ್ನು ನಾನು ಅಡುಗೆಮನೆ ಖರ್ಚಿಗೇ ಬರೆಯುತ್ತಿದ್ದೆ!

2024ರಿಂದ ಇಂಟೆಲ್ ಕಾರ್ಖಾನೆಯನ್ನೇ ಒಂದು ವಿಭಾಗ ಮಾಡಿತು. ಹೆಸರು ಇಂಟೆಲ್ ಫೌಂಡ್ರಿ. ಫೌಂಡ್ರಿ ಎಂದರೆ ಕಬ್ಬಿಣ ಎರಕ ಹೊಯ್ಯುವ ಜಾಗ ಎಂದೇ ನಾನು ತಿಳಿದಿದ್ದೆ. ಮನೆಯ ವಿಭಾಗಗಳೂ ಹೊರಗಿನ ಗಿರಾಕಿಗಳ ಹಾಗೆ ಮಾರುಕಟ್ಟೆ ದರದ ಪ್ರಕಾರ ಅದಕ್ಕೆ ದುಡ್ಡು ಕೊಡಬೇಕು. ಮನೆಯೊಳಗೇ ಕೈಬದಲಾದ ದುಡ್ಡು ಆದಾಯವಲ್ಲವಾದ್ದರಿಂದ ಒಟ್ಟು ಲೆಕ್ಕದಲ್ಲಿ ಅದನ್ನು ಕಳೆದುಬಿಡುತ್ತಾರೆ. ಹಿಂದಿನ ವರ್ಷಗಳ ಲೆಕ್ಕವನ್ನೂ ಹೀಗೇ ತಿರುಗಿ ಬರೆದು ಏಪ್ರಿಲ್‌ನಲ್ಲಿ ಪ್ರಕಟಿಸಿದರು.

"ಆಗ ಕಾರ್ಖಾನೆಯ ಮರ್ಯಾದೆ ಹೆಚ್ಚಿತೇನೇ?" ಎಂದು ಆಸೆಯಿಂದ ಕೇಳಿದೆ.

"ಇಲ್ಲ ಅತ್ತೆ. 2023ರಲ್ಲಿ 1,890 ಕೋಟಿ ಡಾಲರ್ ವ್ಯವಹಾರ, 700 ಕೋಟಿ ಡಾಲರ್ ನಷ್ಟ. ಮರುದಿನವೇ ಷೇರಿನ ಬೆಲೆ ನೂರಕ್ಕೆ ಎಂಟರಷ್ಟು ಇಳಿಯಿತು. 2024ರಲ್ಲಿ ನಷ್ಟ 1,300 ಕೋಟಿ ದಾಟಿತು."

ನಾನು ಸುಮ್ಮನಾದೆ. ಬೇರೆ ಖಾತೆ ತೆರೆದಿದ್ದರೆ ದೊಡ್ಡಮ್ಮ ಗೆಲ್ಲುತ್ತಿದ್ದರು ಎಂದೇ ಇಷ್ಟು ವರ್ಷ ನಂಬಿದ್ದವಳು ನಾನು. ಹಾಗಾದರೆ ಚಿಕ್ಕಪ್ಪನ ಮಾತೇ ಸರಿಯೇ?

ಹುಡುಗಿ ನನ್ನ ಮುಖ ನೋಡಿದಳು. "ನಷ್ಟ ಯಾವ ದರದಲ್ಲಿ, ಯಾಕಾಗಿ ಅಂತ ಕೇಳಬೇಕು. ಹೊಸ ಯಂತ್ರಗಳಿಗೆ ತಡವಾಗಿ ಕೈಹಾಕಿದರು, ಈಗ ಹೊಸ ಕಾರ್ಖಾನೆ ಕಟ್ಟುತ್ತಿದ್ದಾರೆ. ಆ ತೀರ್ಮಾನಗಳೆಲ್ಲ ಮೇಲಿನವರವು. ಪುಟ ಬೇರೆ ಇದ್ದರೆ ಇದನ್ನೆಲ್ಲ ಕೇಳಬಹುದು. ಬೆರೆತುಹೋದರೆ ಕೇಳುವುದಕ್ಕೂ ಆಗದು," ಎಂದಳು. ಅದೇ ಕಂಪನಿಯ ಚಿತ್ರ ಮೂಡಿಸುವ ಚಿಪ್‌ಗಳ ವಿಭಾಗವನ್ನೂ ತೋರಿಸಿದಳು. 2022ರಲ್ಲಿ ಅದಕ್ಕೊಂದು ಸಾಲಿತ್ತು, ಸಾಲಿನಲ್ಲಿ ನಷ್ಟವಿತ್ತು. 2023ರಲ್ಲಿ ಅದನ್ನು ಬೇರೆ ಎರಡು ವಿಭಾಗಗಳಿಗೆ ಹಂಚಿದರು. ಸಾಲು ಹೋಯಿತು. ನಷ್ಟ ಏನಾಯಿತೆಂದು ಹೊರಗಿನವರಿಗೆ ಕಾಣುವ ದಾರಿಯೂ ಹೋಯಿತು.

ಆ ರಾತ್ರಿ ಅತ್ತೆ, ಸೊಸೆ ಸೇರಿ ಒಂದು ಹಾಳೆಯಲ್ಲಿ ಹಳೆಯ ಹೋಟೆಲಿನ ಲೆಕ್ಕ ಹಾಕಿದೆವು. ದಿನಕ್ಕೆ ಇಷ್ಟು ದೋಸೆ, ಇಷ್ಟು ಸೇರು ಹಿಟ್ಟು. ಹೊರಗಿನ ಭಟ್ಟರಾದರೆ ಇಷ್ಟು ಸಂಬಳ. ಚಿಕ್ಕಪ್ಪನ ಅವಸರಕ್ಕೆ ಇಷ್ಟು ದಂಡ. ದಂಡದ ಅಂಕಿಯನ್ನು ನಾನು ಕೊಂಚ ಧಾರಾಳವಾಗಿಯೇ ಹಾಕಿದೆ. ಹಳೆಯ ಪುಸ್ತಕವನ್ನು ಗೆದ್ದಲು ತಿಂದಿದೆ, ದರಗಳು ಸರಿಯಾಗಿ ನೆನಪಿಲ್ಲ. ಒಮ್ಮೆ ಲಾಭ ಬಂತು, ಇನ್ನೊಮ್ಮೆ ನಷ್ಟ.

ಎರಡರಲ್ಲಿ ಯಾವುದಾಗಿದ್ದರೂ ಆ ದಿನ ಹಿರಿಯರು ದೊಡ್ಡಮ್ಮನನ್ನು ಒಳಗಿಂದ ಕರೆದು ಒಂದು ಮಾತು ಕೇಳಬೇಕಾಗುತ್ತಿತ್ತು. ಆಕೆಯ ಹೆಸರಿನಲ್ಲಿ ಪುಟವೇ ಇರಲಿಲ್ಲವಾಗಿ ಯಾರೂ ಕೇಳಲಿಲ್ಲ. ಚಿಕ್ಕಪ್ಪನನ್ನು ಇಷ್ಟು ವರ್ಷ ಬೈದುಕೊಂಡೆ. ಆದರೆ ಆ ಪುಸ್ತಕ ಬರೆದ ಪೆನ್ನು ಇದ್ದದ್ದು ನನ್ನ ಕೈಯಲ್ಲಿ.