ಮಣಿ ಜೊತೆಗಿದ್ದರೆ ಊರೆಲ್ಲ ಹತ್ತಿರ

ಆಶ್ವಯುಜ, ಕಾರ್ತಿಕ ಮಾಸಗಳೆಂದರೆ ನಮ್ಮ ಕೋಲಾರದ ಕಡೆಯವರಿಗೆ ವರ್ಷದಲ್ಲೇ ಒಳ್ಳೆಯ ದಿನಗಳು. ಆಗೊಂದು ಈಗೊಂದು ಮಳೆ ಬಂದು ಹೋಗುತ್ತಿರುತ್ತದೆ. ಬೇಸಿಗೆಯಲ್ಲಿ ಬಣಗುಡುವ ದಿನ್ನೆಗಳ ಮೇಲೂ ಹಸಿರು ಮೂಡಿರುತ್ತದೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಹೊತ್ತಿಗೆ ತಣ್ಣನೆಯ ಗಾಳಿ ಬೀಸುತ್ತದೆ. ಇಂಥ ದಿನಗಳಲ್ಲಿ ಅಡಿಗೆಮನೆಯಲ್ಲೇ ಇರುವುದು ಯಾರಿಗೆ ತಾನೆ ಇಷ್ಟವಾದೀತು?

ನಮ್ಮದು ಕೆ.ಜಿ.ಎಫ್. ಪಕ್ಕದ ಕೋರಮಂಡಲ್. ಹಳೆಯ ಗಣಿ ಕಂಪನಿಯೊಂದರ ಹೆಸರೇ ಊರಿಗೂ ಉಳಿದುಕೊಂಡಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಹೋಗುವ ರೈಲು ದಾರಿಯಲ್ಲಿ ನಮ್ಮ ಸ್ಟೇಷನ್ನು ಸಿಗುತ್ತದೆ. ಮುಂದೆ ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಬಂದರೆ ಹಳಿ ಮುಗಿಯಿತು. ಗಣಿಗಾಗಿಯೇ ಹಾಕಿದ ಈ ಹಳಿಯ ಮೇಲೆ ಈಗ ಓಡಾಡುವುದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಜನ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿನ ಅನ್ನ ಆ ರೈಲಿನಲ್ಲೇ ಬರುತ್ತಿದೆ. ನಮ್ಮ ಯಜಮಾನರೂ ಅವರಲ್ಲೊಬ್ಬರು. ನಸುಕಿನಲ್ಲಿ ಹೋದರೆ ರಾತ್ರಿಯೇ ಬರುವುದು. ಹಗಲಿಡೀ ಊರಿನಲ್ಲಿರುವವರು ಹೆಂಗಸರು, ಮಕ್ಕಳು, ಮುದುಕರು ಮತ್ತು ನಾಯಿಗಳು.

ನಾಯಿಗಳೆಂದೆನಲ್ಲ, ಅವುಗಳ ಕಥೆಯನ್ನೂ ಹೇಳಬೇಕು. ಒಂದೊಂದು ಮನೆಯವರು ಬೆಂಗಳೂರಿಗೆ ಹೋಗಿ ನೆಲೆಸಿದಾಗಲೂ ಬೀರು, ಮಂಚ, ಗ್ಯಾಸ್ ಸ್ಟೌ ಎಲ್ಲವೂ ಟೆಂಪೋ ಹತ್ತುತ್ತವೆ, ನಾಯಿಯೊಂದು ಉಳಿದುಬಿಡುತ್ತದೆ. ಬಾಡಿಗೆ ಮನೆಯಲ್ಲಿ ನಾಯಿಗೆ ಜಾಗ ಕೊಡುವವರು ಯಾರು? ನಮ್ಮ ಎದುರು ಮನೆಯ ತಮಿಳರು ಮೂರು ವರ್ಷದ ಹಿಂದೆ ಹೊರಟಾಗ ಹೀಗೆಯೇ ಮಣಿ ಉಳಿಯಿತು. ಕಂದು ಬಣ್ಣದ ಸಾಧಾರಣ ನಾಟಿ ನಾಯಿ. ಬೀಗ ಹಾಕಿದ ಬಾಗಿಲ ಮುಂದೆ ಒಂಬತ್ತು ದಿನ ಕುಳಿತಿತ್ತು. ಹತ್ತನೆಯ ದಿನ ನಮ್ಮತ್ತೆಯವರೇ, ನಾಯಿ ಎಂದರೆ ಮೈಲಿಗೆ ಎನ್ನುತ್ತಿದ್ದವರು, ಮಿಕ್ಕ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಎದುರಿಗಿಟ್ಟರು. "ಹಟ್ಟಿ ಒಳಕ್ಕೆ ಮಾತ್ರ ಬೇಡ ಕಣಮ್ಮ, ಜಗಲಿ ಮೇಲಿರ್ಲಿ" ಎಂದರು. ಮಣಿಗೆ ಕನ್ನಡ ಬಾರದು. "ವಾಡಾ" ಎಂದರೆ ಓಡಿ ಬರುತ್ತದೆ, "ಬಾರೋ" ಎಂದರೆ ಮುಖ ನೋಡುತ್ತದೆ. ಹೀಗಾಗಿ ನಾಯಿಯ ನೆಪದಲ್ಲಿ ನಮ್ಮ ಮನೆಯವರೆಲ್ಲ ತಮಿಳಿನಲ್ಲಿ ಇನ್ನಷ್ಟು ಪಳಗಿದೆವು!

ಮಣಿ ಬಂದ ಮೇಲೆ ನನಗಾದ ದೊಡ್ಡ ಲಾಭವನ್ನು ಸೋದರಿಯರಿಗೆ ಹೇಳಲೇಬೇಕು. ಹೆಂಗಸೊಬ್ಬಳು ಸಂಜೆ ಸುಮ್ಮನೆ ನಡೆಯಲು ಹೊರಟರೆ ಸಾಕು, ಹತ್ತು ಬಾಗಿಲಿನಿಂದ "ಎಲ್ಲಿಗಮ್ಮ?" ಎಂಬ ಪ್ರಶ್ನೆ ಬರುತ್ತದೆ. ಅಂಗಡಿಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ ಎಂದರೆ ಒಪ್ಪಿಗೆ. ಗಾಳಿಗೆ ಎಂದರೆ ಮಾತ್ರ ಯಾರಿಗೂ ಸಮಾಧಾನವಿಲ್ಲ. ಅದೇ ಕೈಯಲ್ಲಿ ನಾಯಿಯ ಹಗ್ಗವಿರಲಿ, ಯಾರೂ ಕೇಳುವುದಿಲ್ಲ! ನಾಯಿಯನ್ನು ಓಡಾಡಿಸುವುದು ಮನೆಗೆಲಸವಾಯಿತಲ್ಲ. ಮದುವೆಯಾಗಿ ಬಂದು ಇಪ್ಪತ್ತು ವರ್ಷವಾದರೂ ನೋಡದಿದ್ದ ಬೀದಿಗಳನ್ನು ನಾನು ನೋಡಿದ್ದು ಮಣಿಯಿಂದಲೇ.

ಮಾವನವರ ವಿಷಯ ಇನ್ನೂ ಹೆಚ್ಚಿನದು. ಅವರು ಗಣಿಯ ಒಳಗೆ ಕೆಲಸ ಮಾಡಿದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು. ಗಣಿ ಮುಚ್ಚಿದ ಮೇಲೆ ಅವರು ಜಗಲಿ ಬಿಟ್ಟು ಇಳಿದದ್ದೇ ಅಪರೂಪ. ನಡೆಯಿರಿ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ಮಣಿ ಮಾತ್ರ ಸಂಜೆಯಾದೊಡನೆ ಅವರ ಚಪ್ಪಲಿಯ ಪಕ್ಕ ಬಂದು ಕುಯ್‌ಗುಡುತ್ತಿತ್ತು. ಒಂದು ದಿನ ಎದ್ದರು. ಮೊದಲು ಬೀದಿಯ ಕೊನೆಯವರೆಗೆ, ಆಮೇಲೆ ಸ್ಟೇಷನ್ನಿನವರೆಗೆ, ಈಗ ಹೊಲಗಳವರೆಗೆ. "ಜೀವಮಾನವೆಲ್ಲ ಕೆಳಗೆ ಇಳಿದದ್ದೇ ಆಯ್ತಮ್ಮ, ಮೇಲಿನ ಊರು ನೋಡಿದ್ದೇ ಕಮ್ಮಿ" ಎಂದರು ಒಂದು ಸಂಜೆ. ನನಗೆ ಏನು ಹೇಳಲೂ ತೋಚಲಿಲ್ಲ.

ಊರು ದಾಟಿದರೆ ರಾಗಿ ಹೊಲಗಳು. ಕಾರ್ತಿಕದಲ್ಲಿ ತೆನೆ ಕಂದಾಗಿ ಬಾಗಿರುತ್ತದೆ. ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಬ್ಬಿರುತ್ತದೆ, ಹುಚ್ಚೆಳ್ಳು ಹೂ ಬಿಟ್ಟಿದ್ದರೆ ಅರಿಶಿನ ಚೆಲ್ಲಿದಂತೆ ಕಾಣುತ್ತದೆ. ಕಡಲೆಕಾಯಿ ಕೀಳುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕಂಡು "ಏನಮ್ಮ, ನಾಯಿಗೆ ಊರು ತೋರಿಸ್ತಾ ಇದೀಯಾ?" ಎಂದು ನಕ್ಕರು. "ಇಲ್ಲ ಅಜ್ಜಿ, ಅದೇ ನಮಗೆ ತೋರಿಸ್ತಾ ಇದೆ" ಎಂದೆ. ಮಡಿಲು ತುಂಬ ಹಸಿ ಕಡಲೆಕಾಯಿ ಕೊಟ್ಟರು. ಹಳ್ಳಿಯ ನಾಯಿಗಳು ನಮ್ಮ ಮಣಿಯಂತಲ್ಲ. ಹಗಲು ಕುರಿಯ ಹಿಂದೆ, ರಾತ್ರಿ ಕಣದ ಕಾವಲಿಗೆ, ಅವುಗಳ ಊಟಕ್ಕೆ ಅವು ದುಡಿಯುತ್ತವೆ.

ಶರತ್ಕಾಲದಲ್ಲಿ ನಾಯಿ ಕಟ್ಟಿಕೊಂಡು ತಿರುಗುವುದು ಐರ್ಲೆಂಡಿನ ಹಳ್ಳಿಗರಿಗೆ ಹಳೆಯ ರೂಢಿ. ಮಂಜು ಮುಸುಕಿದ ಹುಲ್ಲುಗಾವಲು, ಬೇಲಿಯಲ್ಲಿ ಕಪ್ಪು ಹಣ್ಣು, ಮುಂದೆ ಕುರಿಕಾಯುವ ನಾಯಿ. ನಮ್ಮ ಊರಿಗೂ ಆ ದೇಶಕ್ಕೂ ಒಂದು ನಂಟಿದೆ. 1871ರಲ್ಲಿ ಬೆಂಗಳೂರಿನಿಂದ ಎತ್ತಿನಗಾಡಿಯಲ್ಲಿ ಚಿನ್ನ ಹುಡುಕಿಕೊಂಡು ಈ ಕಡೆ ಬಂದ ಮೈಕೆಲ್ ಲವೆಲ್ ಐರ್ಲೆಂಡ್ ಮೂಲದ ಸೈನಿಕ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದ ಮೇಲೆ ಗಣಿ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ! ದೊರೆಗಳ ಬಂಗಲೆಯ ನಾಯಿಗೆ ದಿನವೂ ಮಾಂಸ, ಅದನ್ನು ತಿರುಗಾಡಿಸಲು ಒಬ್ಬ ಆಳು ಇರುತ್ತಿದ್ದನೆಂದು ಮಾವನವರ ತಂದೆ ಹೇಳುತ್ತಿದ್ದರಂತೆ. ಆ ದೊರೆಗಳು ಹೋದರು, ಗಣಿಯೂ ಹೋಯಿತು. ನಾಯಿ ತಿರುಗಾಡಿಸುವ ಸುಖ ಈಗ ನಮ್ಮ ಪಾಲಿಗೆ ಬಂದಿದೆ.

ರಜೆಯ ದಿನ ದೂರ ಹೋಗಬೇಕೆನಿಸಿದರೆ ಬೇತಮಂಗಲದ ಕೆರೆಯಿದೆ. ಗಣಿಗೂ ಗಣಿಯ ಜನಕ್ಕೂ ನೀರು ಕೊಟ್ಟ ಪಾಲಾರ್ ನದಿಯ ಕೆರೆ ಇದು. ಒಳ್ಳೆಯ ಮಳೆಯಾದ ವರ್ಷ ನೋಡಬೇಕು, ಏರಿಯ ಮೇಲೆ ನಿಂತರೆ ಕಣ್ಣು ತಂಪಾಗುತ್ತದೆ. ಗೊತ್ತಿರುವ ಆಟೋದವರು ಮಣಿಯನ್ನು ಕಾಲ ಬಳಿ ಕೂರಿಸಿಕೊಳ್ಳಲು ಒಪ್ಪುತ್ತಾರೆ. ಹೈದರಾಲಿ ಹುಟ್ಟಿದ ಬೂದಿಕೋಟೆಯೂ ಬಂಗಾರಪೇಟೆ ತಾಲ್ಲೂಕಿನದೇ. ಕಾರ್ತಿಕ ಸೋಮವಾರ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗುವುದಾದರೆ ಮಾತ್ರ ಮಣಿಗೆ ಮನೆಯೇ ಸರಿ. ಆ ಜನಸಂದಣಿಯಲ್ಲಿ ಅದಕ್ಕೂ ಹಿಂಸೆ, ಜನಕ್ಕೂ ಹಿಂಸೆ.

ಬುತ್ತಿಗೆ ನಾನು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನ ಒಯ್ಯುತ್ತೇನೆ. ಒಂದು ಬಟ್ಟಲು ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಎಂಟು ಒಣಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಹುಣಿಸೆಹಣ್ಣು, ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡಿದರಾಯಿತು. ನಾಯಿಗೆ ಬೇರೆ ಬುತ್ತಿ: ಉಪ್ಪು, ಒಗ್ಗರಣೆ ಇಲ್ಲದ ಅನ್ನ ಅಥವಾ ಮುದ್ದೆ, ಜೊತೆಗೆ ನೀರಿಗೊಂದು ಬಟ್ಟಲು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷವೆಂದೇ ತಿಳಿಯಿರಿ.

ನಮ್ಮೂರಿಗೆ ಬರುವವರಿಗೆ ಕೆಲವು ಎಚ್ಚರಿಕೆಯ ಮಾತು. ಸಿನಿಮಾದವರು ಚಿತ್ರ ತೆಗೆದಿದ್ದಾರೆಂದು ಸೈನೈಡ್ ದಿನ್ನೆ ಹತ್ತಬೇಡಿ. ಚಿನ್ನ ತೆಗೆದುಳಿದ ಪುಡಿ ಅದು, ಗಾಳಿಗೆ ಎದ್ದು ಎದೆ ಸೇರುತ್ತದೆ. ಅದರ ಬುಡದಲ್ಲಿ ನಿಂತ ನೀರನ್ನು ನಾಯಿಗೂ ಕುಡಿಸಬೇಡಿ. ಹಳೆಯ ಗಣಿಬಾವಿಗಳ ಸುತ್ತ ಪೊದೆ ಬೆಳೆದಿರುವುದರಿಂದ ನಾಯಿಯ ಹಿಂದೆ ನುಗ್ಗುವುದೂ ಬೇಡ. ಗಣಿಯ ಖಾಲಿ ಜಮೀನಿನಲ್ಲಿ ಕೃಷ್ಣಮೃಗಗಳಿವೆ. ಹಗ್ಗ ಬಿಚ್ಚಿದ ನಾಯಿ ಅವುಗಳಿಗೆ ಯಮನಿದ್ದಂತೆ.

ಇನ್ನೊಂದು ಮುಖ್ಯ ಮಾತು. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಆಮೇಲೆ ವರ್ಷವರ್ಷವೂ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ನಲ್ಲಿ ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಸಾಧ್ಯವಿಲ್ಲ ಎನ್ನಬಹುದು. ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದನ್ನೂ ತಪ್ಪದೆ ಹಾಕಿಸಿಕೊಂಡರೆ ಹೆದರಬೇಕಾಗಿಲ್ಲ.

ಈಗ ನಮ್ಮ ಮಗನಿಗೂ ಬೆಂಗಳೂರಿನಲ್ಲಿ ಕೆಲಸವಾಗಿದೆ. ಎಲ್ಲರೂ ಅಲ್ಲಿಗೇ ಹೋಗೋಣ ಎನ್ನುತ್ತಾನೆ. ಯಜಮಾನರಿಗೆ ದಿನದ ರೈಲಿನ ದಣಿವು ತಪ್ಪುತ್ತದೆ, ಅದೂ ನಿಜವೇ. ಎರಡು ಬಾಡಿಗೆ ಮನೆ ನೋಡಿ ಬಂದೆವು. ಎರಡೂ ಕಡೆ ಮೊದಲ ಪ್ರಶ್ನೆ, "ನಾಯಿ ಇದೆಯಾ?" ಮಾವನವರು ಅಲ್ಲಿ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ "ಅದನ್ನ ಒಂದ್ಸಲ ಬಿಟ್ಟು ಹೋಗಿದಾರೆ, ಎರಡನೇ ಸಲ ಬೇಡ" ಎಂದರು. ನಾಯಿಯೂ ಬರಬಹುದಾದ ಮನೆ ಸಿಗುವವರೆಗೆ ನಾವು ಕೋರಮಂಡಲ್‌ನಲ್ಲೇ ಇರುವುದೆಂದು ಮಾತಾಗಿದೆ.

ಮರಿ ಮುದ್ದಾಗಿದೆಯೆಂದು ತರುವ ಮುಂಚೆ ಸೋದರಿಯರು ಇದನ್ನೊಂದು ಯೋಚಿಸಬೇಕು. ನಾಯಿಯ ಆಯಸ್ಸು ಹತ್ತು ಹನ್ನೆರಡು ವರ್ಷ. ಅಷ್ಟು ವರ್ಷ ನಿಮ್ಮ ಮನೆಯ ಸಾಮಾನು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅದೂ ಬರಬೇಕು. ಅಷ್ಟು ಆಗುತ್ತದೆ ಎನ್ನುವವರು ಪೇಟೆಯ ಅಂಗಡಿಗೆ ಹೋಗಬೇಕಿಲ್ಲ, ನಿಮ್ಮ ಬೀದಿಯಲ್ಲೇ ಬೀಗ ಹಾಕಿದ ಬಾಗಿಲ ಮುಂದೆ ಒಂದು ಕುಳಿತಿದ್ದೀತು, ನೋಡಿ. ಅವರೆಕಾಯಿ ಸೊಗಡು ಏರುವ ಹೊತ್ತಿಗೆ ಅದು ನಿಮ್ಮನ್ನು ಊರೆಲ್ಲ ಸುತ್ತಿಸಿರುತ್ತದೆ!