ಬಾಯಾರಿ ಅರಳುವ ಕಾಫಿ

ನರಸಿಂಹರಾಜಪುರ ದಾಟುತ್ತಲೇ ಮೊಬೈಲ್ ಸಿಗ್ನಲ್ ಮಾಯ. ತಿರುವಿಗೊಮ್ಮೆ ಚೀಲ ಒಂದು ಕಡೆ, ನಾನೊಂದು ಕಡೆ. ಆದರೂ ಕಿಟಕಿಯಿಂದ ಕಣ್ಣು ಕೀಳಲಾಗುತ್ತಿಲ್ಲ. ಮಾರ್ಚ್ ತಿಂಗಳು, ನಮ್ಮ ವಿಜಯಪುರದಲ್ಲಿ ಜೋಳದ ರಾಶಿ ಮುಗಿದು ಎರೆಹೊಲ ಬಿರುಕು ಬಿಟ್ಟಿದೆ, ಇಲ್ಲಿ ಎತ್ತ ನೋಡಿದರೂ ಹಸಿರು. ಇಂಥಲ್ಲಿ ಗಿಡಕ್ಕೇನು ಕಷ್ಟ?

ಮೈಸೂರು ಸರ್ಕಾರ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆದದ್ದು ಬಾಳೆಹೊನ್ನೂರಿನ ಬಳಿ. ಅಲ್ಲಿ ಇಳಿದರೆ ರಸ್ತೆಯಂಚಿನ ತೋಟದಲ್ಲಿ ಹೂವೋ ಹೂವು! ರೆಂಬೆಯುದ್ದಕ್ಕೂ ಬಿಳುಪು, ಮಲ್ಲಿಗೆಯಂಥ ಕಂಪು, ಜೇನುಹುಳುಗಳ ಮೊರೆತ. "ಹೋದ ವಾರ ಹೂಮಳೆ ಬಿತ್ತಲ್ಲ ಮಾರಾಯ್ರೆ" ಎನ್ನುತ್ತಾರೆ ತೋಟದವರು. ಒಣ ದಿನಗಳಲ್ಲಿ ಬಾಯಾರಿ ನಿದ್ದೆಹೋದ ಮೊಗ್ಗು, ಮಳೆಯಾದ ವಾರ ಹತ್ತು ದಿನಕ್ಕೆ ಒಟ್ಟಿಗೇ ಕಣ್ತೆರೆಯುತ್ತದೆ. ಬರವೇ ಹೂವಿಗೆ ಮುಹೂರ್ತ ಇಡುವುದನ್ನು ನಾನು ನಮ್ಮೂರಲ್ಲಿ ಕಂಡಿಲ್ಲ.

ಕೊಪ್ಪದ ದಾರಿಯಲ್ಲಿ ಒಂದು ಕಾಫಿ ಎಲೆ ಮಗುಚಿ ನೋಡುತ್ತೇನೆ. ಕಣ್ಣಿಗೆ ಕಾಣದ ಪತ್ರರಂಧ್ರಗಳಿರುವುದು ಈ ಅಡಿಮೈಯಲ್ಲೇ. ನೀರು ಕಡಿಮೆಯಾದರೆ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಏರುತ್ತದೆ, ಕಾವಲು ಕೋಶಗಳಿಂದ ಪೊಟ್ಯಾಸಿಯಂ ಹೊರಹರಿದು ರಂಧ್ರ ಮುಚ್ಚುತ್ತದೆ. ಬರೀ ಸೆಕೆಯಾದರೆ ತೆರೆದಿರಬೇಕು. ನೀರಾವಿ ಬಿಟ್ಟರೇ ಎಲೆಗೆ ತಂಪು. ಎರಡೂ ಒಟ್ಟಿಗೆ ಬಂದರೆ? ಸಸ್ಯವಿಜ್ಞಾನಿ ರಾನ್ ಮಿಟ್ಲರ್ ಅವರ ತಂಡ 2004ರಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಕಂಡದ್ದು ಬೆರಗಿನ ಸಂಗತಿ: ಬರವೊಂದಕ್ಕೇ ಪ್ರೋಲಿನ್ ಎಂಬ ಅಮೈನೋ ಆಮ್ಲ ಕೂಡಿಡುವ ಗಿಡ, ಬರದ ಜೊತೆ ಸೆಕೆ ಸೇರಿದೊಡನೆ ಅದನ್ನು ಬಿಟ್ಟು ಸುಕ್ರೋಸ್ ಎಂಬ ಸಕ್ಕರೆ ಕೂಡಿಡುತ್ತದೆ. ಬೇರೆಯದೇ ಜೀನುಗಳು ಎಚ್ಚರಗೊಳ್ಳುತ್ತವೆ. ಎರಡು ಕಷ್ಟಗಳ ಮೊತ್ತವಲ್ಲ ಅದು, ಮೂರನೆಯದೇ ಒಂದು ಉತ್ತರ!

ಹರಿಹರಪುರ ದಾಟಿ ಶೃಂಗೇರಿಗೆ ಬಂದಾಗ ತುಂಗೆಯ ದಡದ ಅಡಿಕೆ ತೋಟ ಕಂಡು ಮನಸ್ಸು ಮುದುಡುತ್ತದೆ. ಹಳದಿ ಎಲೆ ರೋಗ. ಕೋಶಭಿತ್ತಿಯೇ ಇಲ್ಲದ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಮರದ ಆಹಾರನಾಳದಲ್ಲಿ ಬೀಡುಬಿಟ್ಟಿದೆ; ಅದನ್ನು ಹೊತ್ತು ತರುವುದು ರಸಹೀರುವ ಪುಟ್ಟ ಕೀಟ. ಮೇಲಿಂದ ಎಲೆಚುಕ್ಕಿ, ಮಳೆಗಾಲಕ್ಕೆ ಕೊಳೆರೋಗ, ಬೇಸಗೆಗೆ ನೀರಿನ ಕೊರತೆ. ಬರಕ್ಕೆ ಏರುವ ಅಬ್ಸಿಸಿಕ್ ಆಮ್ಲ, ರೋಗದೊಡನೆ ಸೆಣಸುವ ಸ್ಯಾಲಿಸಿಲಿಕ್ ಆಮ್ಲದ ಕೆಲಸವನ್ನು ಹಲವು ಗಿಡಗಳಲ್ಲಿ ತಗ್ಗಿಸುತ್ತದೆ. ಬಾಯಾರಿದ ಮರ ರೋಗಕ್ಕೂ ಸೋತರೆ ಬೆಳೆಗಾರರ ಗತಿ?

ತೋಟದ ಹಿರಿಯರು ಹಳದಿ ಸಾಲಿನ ನಡುವೆ ಹಸಿರಾಗಿ ನಿಂತ ಮರವೊಂದನ್ನು ತೋರಿಸುತ್ತಾರೆ. ವಿಜ್ಞಾನಿಗಳೂ ಹುಡುಕುತ್ತಿರುವುದು ಇಂಥ ಮರಗಳನ್ನೇ. "ಇದರ ಹಣ್ಣಡಿಕೆ ಮಾರೋದಿಲ್ಲ, ಬೀಜಕ್ಕೆ ಇಡ್ತೇನೆ" ಎನ್ನುತ್ತಾ ಅವರು ಸಸಿಮಡಿಯ ಕಡೆ ನಡೆಯುತ್ತಾರೆ, ನಾನೂ ಹಿಂದೆಯೇ.