ಎರಡು ವರ್ಷದವಳ ವರ್ಧಂತಿ

ಹಳೆಯ ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ಹುಟ್ಟಿದ ಹಬ್ಬಕ್ಕೆ ವರ್ಧಂತಿ ಎಂದು ಹೆಸರು. ದೇವರಿಗೂ ಮಹಾಪುರುಷರಿಗೂ ಜಯಂತಿ, ಅರಸರಿಗೆ ವರ್ಧಂತಿ, ಉಳಿದವರಿಗೆ ಬರಿಯ ಹುಟ್ಟಿದ ದಿನ. ಹೀಗೆ ಶಬ್ದಗಳಲ್ಲಿಯೇ ಒಂದು ಅಂತಸ್ತಿನ ಏರ್ಪಾಡು ಇತ್ತು. ಈಗ ಸಂಸ್ಥಾನವೂ ಇಲ್ಲ, ಆ ಅಂತಸ್ತೂ ಇಲ್ಲ. ಆದರೆ ಮನೆಗೊಬ್ಬ ಅರಸು ಹುಟ್ಟಿಕೊಂಡಿದ್ದಾನೆ. ಅವನ ವಯಸ್ಸು ಒಂದರಿಂದ ಮೂರರೊಳಗೆ, ಸಿಂಹಾಸನ ತಾಯಿಯ ಕಂಕುಳು, ಆಯುಧ ಅಳು. ಇಂತಹ ಒಬ್ಬ ಅರಸಿಯ, ಎಂದರೆ ನಮ್ಮ ಅಕ್ಕನ ಮಗಳು ಪುಟ್ಟಿಯ, ಎರಡನೆಯ ವರ್ಧಂತಿಗೆ ದಿವಾನಗಿರಿ ಮಾಡುವ ಭಾಗ್ಯ ಕಳೆದ ರಜೆಯಲ್ಲಿ ನನ್ನ ಪಾಲಿಗೆ ಬಂದಿತು. 1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ರಾಜ್ಯಾಡಳಿತದ ವರದಿ ಒಪ್ಪಿಸುತ್ತಿದ್ದರಷ್ಟೆ. ನಾನೂ ಆ ಪದ್ಧತಿಯನ್ನು ಅನುಸರಿಸಿ, ನನ್ನ ಅಲ್ಪಕಾಲದ ಆಡಳಿತದ ವರದಿಯನ್ನು ಅಧ್ಯಾಪಕವೃಂದಕ್ಕೂ ಸಹಪಾಠಿಗಳಿಗೂ ಒಪ್ಪಿಸುತ್ತಿದ್ದೇನೆ.

ಮೊದಲನೆಯ ವಿವಾದ ದಿನವನ್ನು ಕುರಿತದ್ದು. ಪುಟ್ಟಿಯ ಅಜ್ಜಿ, ಎಂದರೆ ಭಾವನ ತಾಯಿ, ತಾರೀಖನ್ನು ಒಪ್ಪುವವರೇ ಅಲ್ಲ. "ತಾರೀಖು ಸರ್ಕಾರದ್ದಪ್ಪ, ತಿಥಿ ಮಗುವಿನದು" ಎಂದುಬಿಟ್ಟರು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನವಾಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನ ವರ್ಷಕ್ಕೆ 365 ದಿನ. ಆದ್ದರಿಂದ ತಿಥಿಯ ಹುಟ್ಟುಹಬ್ಬ ವರ್ಷ ವರ್ಷವೂ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಹೋಗಿ, ಅಧಿಕಮಾಸ ಬಂದಾಗ ಒಮ್ಮೆಗೇ ಮುಂದಕ್ಕೆ ಜಿಗಿದು ಸರಿಹೋಗುತ್ತದೆ. ತಾರೀಖು, ತಿಥಿ ಎರಡೂ ಒಂದೇ ದಿನ ಸಿಕ್ಕುವುದು ಅಪರೂಪ. ದಿವಾನನಾದವನು ಎರಡು ಪಕ್ಷಗಳನ್ನೂ ಸಂತೋಷಪಡಿಸಬೇಕಲ್ಲ! ತಿಥಿಯ ದಿನ ಎಣ್ಣೆನೀರು, ದೇವಸ್ಥಾನದಲ್ಲಿ ಅರ್ಚನೆ, ಮನೆಯಲ್ಲಿ ಪಾಯಸ. ತಾರೀಖಿಗೆ ಹತ್ತಿರದ ಭಾನುವಾರ ಮಕ್ಕಳ ಕೂಟ ಎಂದು ತೀರ್ಮಾನವಾಯಿತು. ಇದು ಸುಲಭವಾಗಿಯೇ ಮುಗಿಯಿತು.

ಎರಡನೆಯದು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಭಾವ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ಮಿತಭಾಷಿ, ಮಿತವ್ಯಯಿ. ಅಂತಹವರು ಒಂದು ಸಂಜೆ ಕಾಫಿಯ ಲೋಟ ಕೆಳಗಿಟ್ಟು ಹೇಳಿದರು: "ಈ ಸಾರಿ ಹಾಲ್ ಹಿಡಿಯೋಣ. ನೂರೈವತ್ತು ಜನ. ಬಲೂನಿನ ಕಮಾನು, ದೊಡ್ಡ ಕೇಕು, ಫೋಟೋದವನು, ಊಟ. 60,000 ರೂಪಾಯಿ ಆಗಬಹುದು. ಚೀಟಿ ಹಣ ಬಂದಿದೆಯಲ್ಲ." ಅರುವತ್ತು ಸಾವಿರವೆಂದರೆ ಅವರ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಅಕ್ಕ ಏನೂ ಮಾತನಾಡಲಿಲ್ಲ. ಮೌನವು ಸಮ್ಮತಿಯ ಲಕ್ಷಣವೆಂದು ಶಾಸ್ತ್ರ ಹೇಳುತ್ತದೆ. ನಮ್ಮ ಮನೆಯ ಹೆಂಗಸರ ವಿಷಯದಲ್ಲಿ ಆ ಶಾಸ್ತ್ರ ನಡೆಯುವುದಿಲ್ಲ. ಆಮೇಲೆ ಅಡಿಗೆಮನೆಯಲ್ಲಿ ನನ್ನನ್ನು ಕರೆದು, "ನಾನು ಬೇಡ ಅಂದರೆ ಮಗುವಿನ ವಿಷಯದಲ್ಲೂ ಲೆಕ್ಕ ಹಾಕ್ತೀಯಾ ಅಂತಾರೆ ಕಣೋ. ನೀನೇ ಏನಾದರೂ ಹೇಳಿ ನೋಡು" ಎಂದಳು.

ಭಾವನ ಈ ಹಂಬಲಕ್ಕೆ ಮೂಲ ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಅವರ ಶಾಲೆಯ ದಾಖಲೆಯಲ್ಲಿ ಜನ್ಮದಿನ ಜೂನ್ 1. ನಮ್ಮ ಹಳ್ಳಿಗಳಿಂದ ಶಾಲೆಗೆ ಸೇರಿದ ಹಿಂದಿನ ತಲೆಮಾರಿನ ಎಷ್ಟು ಜನರ ಜನ್ಮದಿನ ಜೂನ್ 1 ಎಂದು ಎಣಿಸಿದರೆ, ಆ ಒಂದು ದಿನ ಸೂಲಗಿತ್ತಿಯರಿಗೆ ನೀರು ಕುಡಿಯಲೂ ಬಿಡುವಿರಲಿಲ್ಲವೆಂದು ಭಾವಿಸಬೇಕಾಗುತ್ತದೆ! ಮಗುವನ್ನು ಕರೆತಂದ ತಂದೆಗೆ ತಾರೀಖು ಗೊತ್ತಿಲ್ಲ, ಮೇಷ್ಟರಿಗೆ ಅಂಕಣ ತುಂಬಬೇಕು. ಶಾಲೆ ಆರಂಭವಾಗುವ ಹೊತ್ತಿಗೆ ಸರಿಯಾಗಿ ವಯಸ್ಸು ಕೂಡಿಬರುವಂತೆ ಒಂದು ದಿನ ಬರೆದುಬಿಡುತ್ತಿದ್ದರು. ಅಜ್ಜಿಯನ್ನು ಕೇಳಿದರೆ, "ಎಳ್ಳಮಾವಾಸ್ಯೆ ಚರಗ ಚೆಲ್ಲಿ ಬಂದ ಮಾರನೆ ದಿನ ಇವನು ಹುಟ್ಟಿದ್ದು" ಎನ್ನುತ್ತಾರೆ. ಅವರು ಹರಿಹರದ ಕಡೆಯವರು. ಎಳ್ಳಮಾವಾಸ್ಯೆಗೂ ಜೂನ್ ತಿಂಗಳಿಗೂ ಸುಮಾರು ಅರ್ಧ ವರ್ಷದ ಅಂತರ. ದಾಖಲೆಯ ದಿನ ಸುಳ್ಳು, ನಿಜವಾದ ದಿನ ಯಾರೂ ಲೆಕ್ಕಕ್ಕೆ ಹಿಡಿಯದ್ದು; ಹೀಗಾಗಿ ಭಾವನಿಗೆ ಹುಟ್ಟಿದ ಹಬ್ಬವೆಂಬುದೇ ನಡೆದಿರಲಿಲ್ಲ. ಮಗಳಿಗೆ ಹಿಡಿಯಬೇಕೆಂದ ಆ ದೊಡ್ಡ ಹಾಲ್‌ನಲ್ಲಿ ಒಬ್ಬ ಹಳ್ಳಿಯ ಹುಡುಗನಿಗೂ ಒಂದು ಕುರ್ಚಿ ಇತ್ತು.

ಇಂತಹ ಕಡೆ ಬರಿಯ ಹಣದ ಲೆಕ್ಕ ಹೇಳಿದರೆ ಮನಸ್ಸು ನೋಯುತ್ತದೆ. ನಾನು ಬೇರೆ ದಾರಿ ಹಿಡಿದೆನು.

"ಭಾವ, ಎರಡನೆಯ ವರ್ಷದಲ್ಲಿ ನಡೆದದ್ದು ದೊಡ್ಡವರಾದ ಮೇಲೆ ಯಾರಿಗೂ ನೆನಪಿರುವುದಿಲ್ಲವಂತೆ. ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಿಂದಿನದು ಅಳಿಸಿಹೋಗುತ್ತದೆ ಎಂದು ಮನಶ್ಶಾಸ್ತ್ರದವರು ಹೇಳುತ್ತಾರೆ."

"ಅವಳಿಗೆ ಇಲ್ಲದಿದ್ದರೆ ಬೇಡ. ನನಗೆ ಇರುತ್ತದಲ್ಲ!" ಎಂದರು ಭಾವ.

ಇಷ್ಟು ಪ್ರಾಮಾಣಿಕವಾದ ಉತ್ತರಕ್ಕೆ ಪ್ರತಿವಾದ ಹೂಡುವುದು ಹೇಗೆ? "ಹಾಗಾದರೆ ನಿಮಗೆ ನೆನಪಿರುವುದು ಏನು ಎಂದು ಯೋಚಿಸಿ. ನೀವು ಬಾಗಿಲಲ್ಲಿ ನಿಂತು ನೂರೈವತ್ತು ಜನಕ್ಕೆ ಕೈಮುಗಿಯುತ್ತೀರಿ. ಪಂಕ್ತಿಯಲ್ಲಿ ಎಲ್ಲರನ್ನೂ ವಿಚಾರಿಸುತ್ತೀರಿ. ಅಡಿಗೆಯವರಿಗೆ ಹಣ ಎಣಿಸುತ್ತೀರಿ. ಪುಟ್ಟಿ ಯಾರ ಕಂಕುಳಲ್ಲಿ ಅಳುತ್ತಿದ್ದಳು ಎಂಬುದು ನಿಮಗೆ ತಿಳಿಯುವುದು ಫೋಟೋ ಬಂದ ಮೇಲೆ" ಎಂದೆನು. ಭಾವ ಬಹಳ ಹೊತ್ತು ಸುಮ್ಮನಿದ್ದು, "ಆಗಲಿ, ನಿನ್ನ ಯೋಜನೆ ಏನು, ಬರೆದು ತೋರಿಸು" ಎಂದರು. ನಮ್ಮ ದೇಶದ ಪಂಚವಾರ್ಷಿಕ ಯೋಜನೆಗಳು 1951ರಲ್ಲಿ ಆರಂಭವಾಗಿ 2017ರಲ್ಲಿ ಮುಕ್ತಾಯವಾದವು. ನನ್ನದು ತೊಂಬತ್ತು ನಿಮಿಷದ ಯೋಜನೆ.

ಯೋಜನೆಗೆ ಮೊದಲು ಪರಿವೀಕ್ಷಣೆ ಆಗಬೇಕು. ಮೂರು ದಿನ ಪುಟ್ಟಿಯ ಹಿಂದೆ ನೋಟ್‌ಪುಸ್ತಕ ಹಿಡಿದು ತಿರುಗಿದೆನು. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಿದ್ದೆ. ಎದ್ದ ಮೇಲೆ ಒಂದು ಗಂಟೆ ಪರಮಾನಂದ. ಸಂಜೆ ಆರು ದಾಟಿತೆಂದರೆ ಬೆಕ್ಕನ್ನು ಕಂಡರೂ ಅಳು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ನಾವು ಏಳೂವರೆಗೆ ಮುಹೂರ್ತವಿಟ್ಟು, ಎಂಟೂವರೆಗೆ ಬರುವ ಅತಿಥಿಗಾಗಿ ಕಾದು, ಒಂಬತ್ತಕ್ಕೆ ತೂಗಾಡುವ ಮಗುವಿನ ಕೈಗೆ ಚಾಕು ಕೊಟ್ಟು "ನಗು ಪುಟ್ಟೀ" ಎನ್ನುತ್ತೇವೆ. ಆದ್ದರಿಂದ ನನ್ನ ಯೋಜನೆಯ ಮೊದಲನೆಯ ಸೂತ್ರ: ಸಂಜೆ ನಾಲ್ಕಕ್ಕೆ ಆರಂಭ, ಐದೂವರೆಗೆ ಮಂಗಳ.

ಎರಡನೆಯ ಸೂತ್ರ ಅತಿಥಿಗಳದು. ಮಗುವಿನ ವಯಸ್ಸಿಗೆ ಒಂದು ಕೂಡಿಸಿದರೆ ಎಷ್ಟೋ ಅಷ್ಟು ಮಕ್ಕಳು ಸಾಕು. ಎರಡಕ್ಕೆ ಒಂದು ಸೇರಿ ಮೂರು, ಅವರವರ ತಾಯಂದಿರು, ಪಕ್ಕದ ಮನೆಯ ದಂಪತಿಗಳು, ನಾವು. ಈ ವಯಸ್ಸಿನ ಮಕ್ಕಳು ಕೂಡಿ ಆಡುವುದು ಕಡಿಮೆ. ಒಂದರ ಪಕ್ಕ ಒಂದು ಕುಳಿತು ತಮ್ಮ ತಮ್ಮ ಆಟವನ್ನೇ ಆಡುತ್ತವೆ. ಇದನ್ನು ಮಿಲ್‌ಡ್ರೆಡ್ ಪಾರ್ಟನ್ ಎಂಬ ಅಮೆರಿಕದ ವಿದುಷಿ 1932ರಲ್ಲಿಯೇ ಬರೆದಿಟ್ಟಿದ್ದಾರೆ. ಹಾಗಿರುವಾಗ ಸ್ಪರ್ಧೆ, ಬಹುಮಾನ, ಸಂಗೀತ ಕುರ್ಚಿ ಇವೆಲ್ಲ ಏಕೆ? ಪ್ರತಿಯೊಂದು ವಸ್ತುವೂ ನಾಲ್ಕು ನಾಲ್ಕು ಇದ್ದರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಮೂರನೆಯದು ರಕ್ಷಣಾ ಶಾಖೆ. ಮಗುವಿನ ಎತ್ತರಕ್ಕೆ ಇಳಿದು, ಅಂಬೆಗಾಲಿಟ್ಟು, ಇಡೀ ಹಜಾರವನ್ನು ಒಂದು ಸುತ್ತು ಬಂದೆನು. ಮಂಚದ ಕೆಳಗೆ ಎರಡು ನಾಣ್ಯ, ಒಂದು ಗುಂಡಿ, ಒಂದು ಸಣ್ಣ ಬ್ಯಾಟರಿ ಸಿಕ್ಕಿದುವು. ಇವು ಬಾಯಿಗೆ ಹೋದರೆ ಹಬ್ಬ ಆಸ್ಪತ್ರೆಯಲ್ಲಿ ನಡೆಯಬೇಕಾಗುತ್ತದೆ. ಕಮಾನಿನ ಬಲೂನುಗಳನ್ನೂ ಕೈಬಿಟ್ಟೆವು. ರಬ್ಬರಿನ ಬಲೂನನ್ನು ಮೊದಲು ಮಾಡಿದವನು ವಿಜ್ಞಾನಿ ಮೈಕೇಲ್ ಫ್ಯಾರಡೆ. 1824ರಲ್ಲಿ, ಅದೂ ಆಟಕ್ಕಲ್ಲ, ಜಲಜನಕದ ಪ್ರಯೋಗಕ್ಕೆ. ಒಡೆದ ಬಲೂನಿನ ಚೂರು ಹಸುಳೆಯ ಗಂಟಲಿಗೆ ಅಂಟಿದರೆ ಉಸಿರೇ ಕಟ್ಟುತ್ತದೆ. ಅದರ ಬದಲು ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ಬಣ್ಣದ ಕಾಗದದ ಸರಪಳಿ. ಅದನ್ನು ಕತ್ತರಿಸಿ ಅಂಟಿಸಿದವರು ಭಾವ. ಉಗ್ರಾಣದ ಲೆಕ್ಕದಷ್ಟೇ ಅಚ್ಚುಕಟ್ಟಾಗಿ ಮಾಡಿದರು.

ಇನ್ನು ಆಹಾರ ಶಾಖೆ. ಮಕ್ಕಳಿಗೆ ಪುಟ್ಟ ಪುಟ್ಟ ಇಡ್ಲಿ, ತುಪ್ಪ, ಮೆತ್ತಗೆ ಬೇಯಿಸಿದ ಕ್ಯಾರೆಟ್ಟು, ಬಾಳೆಹಣ್ಣು, ಹೆಚ್ಚು ಸಿಹಿಯಿಲ್ಲದ ಸಜ್ಜಿಗೆ. ಇಡೀ ಕಡಲೆಬೀಜ, ಗಟ್ಟಿ ಪೆಪ್ಪರಮೆಂಟು ಇವುಗಳಿಗೆ ಪ್ರವೇಶವಿಲ್ಲ. ದ್ರಾಕ್ಷಿ ಇದ್ದರೆ ಉದ್ದಕ್ಕೆ ಸೀಳಿಯೇ ಕೊಡತಕ್ಕದ್ದು. ದೊಡ್ಡವರಿಗೆ ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ, ಕಾಫಿ. ಹರಿಹರದ ಕಡೆಯವರ ಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಯಾವ ಸಭೆಯೂ ಸೇರುವಂತಿಲ್ಲ. ಇಲ್ಲಿ ಮೆಣಸಿನಕಾಯಿ ಎಂದರೆ ಬಜ್ಜಿ ಎಂದು ತಿಳಿಯತಕ್ಕದ್ದು.

ಆಟಕ್ಕೆ ಅಂಗಡಿಯಿಂದ ತಂದದ್ದು ಕಡಿಮೆ. ರೆಫ್ರಿಜರೇಟರ್ ಅಂಗಡಿಯವರು ಎಸೆಯಲಿದ್ದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಬಾಗಿಲು, ಕಿಟಕಿ ಕೊರೆದು ಅರಮನೆ ಮಾಡಿದೆವು. ನಾಲ್ಕು ಪಾತ್ರೆ, ನಾಲ್ಕು ಮರದ ಸೌಟು: ಇದು ವಾದ್ಯಗೋಷ್ಠಿ. ನಾಲ್ಕು ಉಂಡೆ ಚಪಾತಿ ಹಿಟ್ಟು: ಇದು ಶಿಲ್ಪಕಲಾಶಾಲೆ. ಹಿತ್ತಿಲಲ್ಲಿ ಅಗಲವಾದ ತಪ್ಪಲೆಯಲ್ಲಿ ನಾಲ್ಕು ಬೆರಳು ನೀರು, ನಾಲ್ಕು ಲೋಟ: ಇದು ಜಲವಿಹಾರ. ಆ ತಪ್ಪಲೆಯ ಪಕ್ಕ ನನಗೆ ಕಾವಲು. ಕಾಫಿ ಬಂದರೂ ಏಳುವಂತಿಲ್ಲ, ಆಟ ಮುಗಿದೊಡನೆ ನೀರು ಚೆಲ್ಲಬೇಕು. ಅಷ್ಟೇ ನೀರೂ ಈ ವಯಸ್ಸಿನ ಮಗುವಿಗೆ ಅಪಾಯ. ಉಡುಗೊರೆ ಬೇಡವೆಂದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಒಬ್ಬರು ಒಂದೇ ತರಬೇಕೆಂದು ವಿನಂತಿಸಿದೆವು. ಅರ್ಥಶಾಸ್ತ್ರದ ತರಗತಿಯಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಕಿತ್ತಳೆ ಹಣ್ಣಿನ ಉದಾಹರಣೆಯಿಂದ ಕಲಿತಿದ್ದೇವಲ್ಲ. ಆಟದ ಸಾಮಾನಿಗೂ ಅದೇ ನಿಯಮ. ಮೊದಲನೆಯದನ್ನು ಅಪ್ಪಿಕೊಳ್ಳುತ್ತಾಳೆ, ಎರಡನೆಯದನ್ನು ನೋಡುತ್ತಾಳೆ, ಮೂರನೆಯದರ ರಟ್ಟಿನೊಡನೆ ಆಡುತ್ತಾಳೆ. ನಾನು ಕೊಟ್ಟದ್ದು ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಬುಗುರಿಯಾಕಾರದ ಗೊಂಬೆ.

ಕೇಕು ಮಾತ್ರ ಮಂತ್ರಿಮಂಡಲವನ್ನೇ ಅಲುಗಾಡಿಸಿತು. "ಹುಟ್ಟಿದ ದಿನ ದೀಪ ಹಚ್ಚುತ್ತಾರೆಯೇ ಹೊರತು ಆರಿಸುತ್ತಾರೆಯೆ?" ಎಂದು ಅಜ್ಜಿ. "ಕೇಕಿಲ್ಲದೆ ಹುಟ್ಟುಹಬ್ಬವೆ?" ಎಂದು ಭಾವ. ಪುಟ್ಟಿಗೆ ಇನ್ನೂ ಊದುವುದೇ ಬಾರದು ಎಂಬುದನ್ನು ನಾನು ಸಭೆಯ ಗಮನಕ್ಕೆ ತಂದೆನು. ಕೊನೆಗೆ ಅಜ್ಜಿ ನಂದಾದೀಪ ಹಚ್ಚಿ ಆರತಿ ಎತ್ತುವುದು. ಆಮೇಲೆ ಮನೆಯಲ್ಲಿಯೇ ಮಾಡಿದ ಸಣ್ಣ ಕೇಕನ್ನು ಮೋಂಬತ್ತಿಯಿಲ್ಲದೆ ಕತ್ತರಿಸುವುದು ಎಂದು ಒಪ್ಪಂದವಾಯಿತು. ಎಲ್ಲರೂ ಹಾಡುವ ಆ ಇಂಗ್ಲಿಷ್ ಹಾಡಿನ ರಾಗದ ಕಥೆ ಕೇಳಿ ಅಜ್ಜಿಯೂ ಸಮಾಧಾನಗೊಂಡರು. ಅಮೆರಿಕದ ಕೆಂಟಕಿಯ ಪ್ಯಾಟಿ ಹಿಲ್, ಮಿಲ್‌ಡ್ರೆಡ್ ಹಿಲ್ ಎಂಬ ಅಕ್ಕತಂಗಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ವಂದನೆಯ ಹಾಡಾಗಿ ಅದನ್ನು ಕಟ್ಟಿದರು, 1893ರಲ್ಲಿ ಅಚ್ಚಾಯಿತು. ಹುಟ್ಟುಹಬ್ಬದ ಮಾತುಗಳು ಆಮೇಲೆ ಸೇರಿಕೊಂಡವು. "ಮೇಷ್ಟರಮ್ಮನ ಹಾಡಾದರೆ ಹಾಡಿಕೊಳ್ಳಿ" ಎಂದು ಅಪ್ಪಣೆಯಾಯಿತು.

ಭಾನುವಾರ ಬಂದಿತು. ಬಂದವರ ಮೊಬೈಲುಗಳೆಲ್ಲ ಬಾಗಿಲ ಬಳಿಯ ಬುಟ್ಟಿಗೆ. ಫೋಟೋ ತೆಗೆಯುವ ಅಧಿಕಾರ ಅಕ್ಕನಿಗೆ ಮಾತ್ರ. ಒಂದು ಮಗು ಬಂದದ್ದರಿಂದ ಹೋಗುವವರೆಗೂ ಸೌಟನ್ನೇ ಹಿಡಿದು ಕುಳಿತಿತು. ಇನ್ನೊಂದು ಅರಮನೆಯ ಕಿಟಕಿಯಿಂದ ಇಡ್ಲಿಯನ್ನು ಹೊರಗೆಸೆಯುವುದರಲ್ಲಿ ನಿರತವಾಯಿತು. ಕೇಕು ಪುಟ್ಟಿಗೆ ಹಿಡಿಸಲಿಲ್ಲ, ಬಾಳೆಹಣ್ಣು ಹಿಡಿಸಿತು. ನಡುವೆ ಯಾರೂ ಹೇಳದೆಯೇ ಭಾವ ನೆಲಕ್ಕೆ ಕೈಯೂರಿ ಆನೆಯಾದರು. ಪುಟ್ಟಿ ಬೆನ್ನೇರಿ ಕೂದಲು ಹಿಡಿದಳು. ಉಳಿದ ಮೂರೂ ಮಕ್ಕಳು ಆಟ ಬಿಟ್ಟು ಸರದಿ ನಿಂತುವು. ಮಿತಭಾಷಿಗಳಾದ ನಮ್ಮ ಭಾವ ಘೀಳಿಡುವುದನ್ನು ನಾನು ಕೇಳಿದ್ದು ಅದೇ ಮೊದಲು. ಐದೂವರೆಗೆ ಎಲ್ಲರೂ ಹೊರಟರು. ಆರಕ್ಕೆ ಪುಟ್ಟಿ ರಟ್ಟಿನ ಅರಮನೆಯೊಳಗೆ ನಿದ್ದೆಹೋದಳು.

ಖರ್ಚು ಒಟ್ಟು 2,140 ರೂಪಾಯಿ. ಅದರಲ್ಲಿ ಹೆಚ್ಚಿನ ಪಾಲು ದೊಡ್ಡವರ ಎಣ್ಣೆ, ಕಡಲೆಹಿಟ್ಟು, ಕಾಫಿಪುಡಿಯದು. ಮಾರನೆಯ ವಾರ ಭಾವ ಅಂಚೆ ಕಚೇರಿಗೆ ಹೋಗಿ, ಚೀಟಿ ಹಣದಲ್ಲಿ ಒಂದು ಭಾಗವನ್ನು ಪುಟ್ಟಿಯ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆಗೆ ಕಟ್ಟಿ ಬಂದರು. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗಾಗಿ 2015ರಲ್ಲಿ ಬಂದ ಯೋಜನೆಯಿದು. ಖಾತೆ ತೆರೆದು 21 ವರ್ಷಕ್ಕೆ ಪಕ್ವವಾಗುತ್ತದೆ. ಅಷ್ಟು ಹೊತ್ತಿಗೆ ನಮ್ಮ ಅರಸಿಗೆ ಇಪ್ಪತ್ಮೂರು ವರ್ಷ.

ಇನ್ನೊಂದು ಕೆಲಸ ಅಕ್ಕ ಮಾಡಿದಳು. ಅಜ್ಜಿಯ ಪಂಚಾಂಗವನ್ನು ತೆಗೆದುಕೊಂಡು, ಈ ವರ್ಷ ಎಳ್ಳಮಾವಾಸ್ಯೆ ಎಂದು ಬರುತ್ತದೆಂದು ನೋಡಿ, ಅದರ ಮಾರನೆಯ ದಿನ, ಪುಷ್ಯ ಶುದ್ಧ ಪಾಡ್ಯಮಿಗೆ, ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದಳು. "ಇದೇನು?" ಎಂದು ಭಾವ ಕೇಳಿದರು. "ನಿಮ್ಮ ಹುಟ್ಟಿದ ಹಬ್ಬ. ಸರ್ಕಾರದ್ದಲ್ಲ, ಅತ್ತೆಯವರದು" ಎಂದಳು. ಭಾವ ಆ ಗೆರೆಯನ್ನು ನೋಡಿ, ಏನೂ ಹೇಳದೆ, ಅಂಗಿ ತೊಟ್ಟು ಅಂಗಡಿಗೆ ಹಾಲು ತರಲು ಹೊರಟರು. ಮನೆಯಲ್ಲಿ ಹಾಲು ಬೇಕಾದಷ್ಟಿತ್ತು.

ನಮ್ಮ ಕಾಲೇಜಿನ ಗೆಳೆಯ ಗೆಳತಿಯರಲ್ಲಿ ಅನೇಕರು ಪದವಿ ಪರೀಕ್ಷೆಗೆ ಮುಂಚೆಯೇ ಸೋದರಮಾವ, ಚಿಕ್ಕಮ್ಮ, ಚಿಕ್ಕಪ್ಪ, ಸೋದರತ್ತೆ ಎಂಬ ಪದವಿಗಳನ್ನು ಪಡೆದಿರುತ್ತೀರಿ. ಇಂದಲ್ಲ ನಾಳೆ ನಿಮಗೂ ದಿವಾನಗಿರಿ ತಪ್ಪಿದ್ದಲ್ಲ. ಆಗ ಮಗುವಿನ ನಿದ್ದೆಯ ಹೊತ್ತನ್ನು ಮೊದಲು ವಿಚಾರಿಸಿ. ಕರೆಯುವವರ ಪಟ್ಟಿಯನ್ನು ಎರಡು ಸಾರಿ ಹೊಡೆದುಹಾಕಿ. ಮನೆಯ ದೊಡ್ಡವರಲ್ಲಿ ಯಾರಾದರೂ ಮಿತಿಮೀರಿ ಹಟ ಹಿಡಿದರೆ, ಅವರ ಹುಟ್ಟಿದ ದಿನ ಯಾವುದೆಂದು ಮೆಲ್ಲನೆ ಕೇಳಿ ನೋಡಿ. ದಿವಾನನ ವರದಿ ಇಲ್ಲಿಗೆ ಮುಗಿಯಿತು. ಸದಸ್ಯರು ಪ್ರಶ್ನೆಗಳಿದ್ದರೆ ಕಾಲೇಜಿನ ಬೇವಿನ ಮರದ ಕೆಳಗೆ ಕೇಳಬಹುದು.